ಅಳತೆ ಪರೀಕ್ಷಿಸುವ ಫಂಕ್ಷನ್‌ಗಳಿಗೆ ದಾಖಲೆ ಬರೆಯುವ ಕ್ರಮ

ಟೈಪ್‌ಸೆಟಿಂಗ್ ಪ್ಯಾಕೇಜ್ ಯಾವುದೇ ಇರಲಿ, ಅದರ ಕೋಡ್ ತೆರೆದರೆ “ಕೊಟ್ಟದ್ದು ಸರಿಯಾದ ಅಳತೆಯೇ?” ಎಂದು ನೋಡುವ ಒಂದು ಪುಟ್ಟ ಫಂಕ್ಷನ್ ಎಲ್ಲಾದರೂ ಇರುತ್ತದೆ. ಅದರ ತಲೆಯ ಮೇಲಿನ ಟಿಪ್ಪಣಿ ಬಹುಪಾಲು ಒಂದೇ ಸಾಲು: “ಅಳತೆ ಸರಿಯಿದ್ದರೆ ಟ್ರೂ, ಇಲ್ಲದಿದ್ದರೆ ಫಾಲ್ಸ್.” ಈ ಸಾಲು ಓದಿದವರಿಗೆ ಹೊಸದಾಗಿ ತಿಳಿಯುವುದು ಏನೂ ಇಲ್ಲ. ಯೂನಿಟ್ ಇಲ್ಲದೆ “12” ಎಂದಷ್ಟೇ ಕೊಟ್ಟರೆ? “-3ಮಿಮೀ” ಕೊಟ್ಟರೆ? “2ಎಮ್” ಕೊಟ್ಟರೆ? ಕನ್ನಡ ಅಂಕಿಯಲ್ಲಿ “೧೨ಪಿಟಿ” ಎಂದು ಬರೆದರೆ? ಈ ಪ್ರಶ್ನೆಗಳಿಗೆ ಉತ್ತರ ಬೇಕಾದಾಗಲೇ ಜನ ದಾಖಲೆ ತೆರೆಯುತ್ತಾರೆ. ಹಾಗಾಗಿ ಪರೀಕ್ಷಿಸುವ ಫಂಕ್ಷನ್ ಏನನ್ನು ತಿರಸ್ಕರಿಸುತ್ತದೆ, ತಿರಸ್ಕರಿಸಿದಾಗ ಏನು ಮಾಡುತ್ತದೆ ಎಂಬುದೇ ಅದರ ದಾಖಲೆಯ ಮುಖ್ಯ ಭಾಗ.

ಇಲ್ಲಿ ಲುವಾಲೇಟೆಕ್‌ನಲ್ಲಿ (ಪುಟ ಜೋಡಿಸುವ ಟೆಕ್ ತಂತ್ರಾಂಶದ, ಲುವಾ ಭಾಷೆಯ ಕೋಡ್ ಓಡಿಸಬಲ್ಲ ರೂಪ) ಓಡುವ ಲುವಾ ಕೋಡ್ ಅನ್ನು ಮಾದರಿಯಾಗಿ ಇಟ್ಟುಕೊಂಡಿದೆ. ದಾಖಲೆಯ ರೂಪ, ಕೋಡ್‌ನ ಟಿಪ್ಪಣಿಗಳಿಂದ ದಾಖಲೆಯ ಪುಟ ಮಾಡುವ ಎಲ್‌ಡಾಕ್ ಎಂಬ ಉಪಕರಣದ್ದು. ಕೋಡ್‌ನಲ್ಲಿ ರೋಮನ್ ಲಿಪಿಯಲ್ಲಿ ಇರುವ ಹೆಸರು, ಯೂನಿಟ್, ಟ್ಯಾಗ್‌ಗಳನ್ನು ಓದಿನ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ.

ಬರೆಯುವ ಮೊದಲು: “ಸರಿ” ಎಂದರೆ ಯಾವ ಸರಿ?

ಒಂದು ಅಳತೆ ನಾಲ್ಕು ಹಂತಗಳಲ್ಲಿ ತಪ್ಪಾಗಬಹುದು. ಮೊದಲನೆಯದು ಬರವಣಿಗೆಯ ರೂಪ: ಸಂಖ್ಯೆ, ಅದರ ಬೆನ್ನಿಗೇ ಯೂನಿಟ್, ಅಷ್ಟೇ ಇದೆಯೇ? ಎರಡನೆಯದು ಯೂನಿಟ್: “ಪಿಟಿ” (ಪಾಯಿಂಟ್) ಗೊತ್ತು, “ಪಿಎಕ್ಸ್” (ಪಿಕ್ಸೆಲ್) ಗೊತ್ತೇ? ಮೂರನೆಯದು ಬೆಲೆಯ ಮಿತಿ: ಪುಟದ ಅಗಲ ಸೊನ್ನೆಗಿಂತ ಕಡಿಮೆ ಇರುವಂತಿಲ್ಲ, ಆದರೆ ಅಂಚಿನ ಅಳತೆ ಋಣವಾಗಿರಬಹುದು. ನಾಲ್ಕನೆಯದು ಸಂದರ್ಭ: “2ಎಮ್” ಎಂಬುದಕ್ಕೆ ಫಾಂಟ್ ಆಯ್ಕೆಯಾಗುವ ತನಕ ಅರ್ಥವೇ ಇಲ್ಲ.

ನಿಮ್ಮ ಫಂಕ್ಷನ್ ಇವುಗಳಲ್ಲಿ ಎಷ್ಟನ್ನು ನೋಡುತ್ತದೆ ಎಂದು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ರೂಪ ಮತ್ತು ಯೂನಿಟ್ ಮಾತ್ರ ನೋಡಿ ಮಿತಿಯನ್ನು ಬಿಡುವ ಫಂಕ್ಷನ್ ತಪ್ಪೇನಲ್ಲ. ಆದರೆ ದಾಖಲೆಯಲ್ಲಿ “ಮಿತಿ ನೋಡುವುದಿಲ್ಲ, ಅದು ಕರೆಯುವವರ ಹೊಣೆ” ಎಂಬ ಸಾಲು ಇರಲೇಬೇಕು. ಈ ಸಾಲು ಇಲ್ಲದ ಕಡೆ ಇಬ್ಬರೂ ಇನ್ನೊಬ್ಬರು ನೋಡಿಕೊಂಡಿದ್ದಾರೆ ಎಂದುಕೊಳ್ಳುತ್ತಾರೆ, ಮಿತಿ ಮೀರಿದ ಅಳತೆ ಸೀದಾ ಎಂಜಿನ್‌ಗೆ ಹೋಗುತ್ತದೆ. ಟೆಕ್ ಎಂಜಿನ್‌ಗೆ ಹಿಡಿಸುವ ಅತಿ ದೊಡ್ಡ ಅಳತೆ 1073741823 ಎಸ್‌ಪಿ (ಟೆಕ್‌ನ ಅತಿ ಚಿಕ್ಕ ಯೂನಿಟ್), ಅಂದರೆ 16384 ಪಾಯಿಂಟ್‌ಗಿಂತ ಕೂದಲೆಳೆಯಷ್ಟು ಕಡಿಮೆ, ಸುಮಾರು 5.76 ಮೀಟರ್. ಅದನ್ನು ದಾಟಿದರೆ “ಡೈಮೆನ್ಶನ್ ಟೂ ಲಾರ್ಜ್” ಎಂಬ ಎರರ್ ಬರುತ್ತದೆ. ಪುಸ್ತಕದ ಕೆಲಸದಲ್ಲಿ ಇಷ್ಟು ದೊಡ್ಡ ಅಳತೆಯನ್ನು ಯಾರೂ ಬೇಕೆಂದು ಕೊಡುವುದಿಲ್ಲ. ಎಸ್‌ಪಿಯಲ್ಲಿರುವ ಸಂಖ್ಯೆಗೆ ಪಿಟಿ ಅಂಟಿಸಿದಾಗ ಹೀಗಾಗುತ್ತದೆ.

ಯಾವ ಪಾಯಿಂಟ್?

ದಾಖಲೆಯಲ್ಲಿ ಯೂನಿಟ್‌ಗಳ ಪಟ್ಟಿ ಕೊಡುವಾಗ ಹೆಸರು ಕೊಟ್ಟರೆ ಸಾಲದು, ಪ್ರತಿಯೊಂದರ ಬೆಲೆಯನ್ನೂ ಕೊಡಬೇಕು. ಕಾರಣ ಪಾಯಿಂಟ್. ಟೆಕ್‌ನಲ್ಲಿ 1 ಇಂಚಿಗೆ 72.27 ಪಿಟಿ. ಪಿಡಿಎಫ್, ಇನ್‌ಡಿಸೈನ್, ಟಿಪ್ಸ್ಟ್ ಇವುಗಳಲ್ಲಿ ಪಾಯಿಂಟ್ ಎಂದರೆ ಇಂಚಿನ 72ನೇ ಒಂದು ಭಾಗ. ಟೆಕ್‌ನಲ್ಲಿ ಆ ಎರಡನೆಯ ಪಾಯಿಂಟ್‌ಗೆ ಬಿಪಿ ಎಂದು ಹೆಸರು. 1 ಬಿಪಿ ಎಂದರೆ 1.00375 ಪಿಟಿ.

ವ್ಯತ್ಯಾಸ ಸಣ್ಣದು ಎಂದು ಬಿಡುವ ಹಾಗಿಲ್ಲ. ಎ4 ಹಾಳೆಯ ಅಗಲ 210 ಮಿಮೀ ಟೆಕ್‌ನಲ್ಲಿ 597.5 ಪಿಟಿ, ಪಿಡಿಎಫ್‌ನಲ್ಲಿ 595.28. ಪಿಡಿಎಫ್‌ನಿಂದ ಓದಿದ ಸಂಖ್ಯೆಗೆ ಪಿಟಿ ಎಂದು ಸೇರಿಸಿ ಟೆಕ್‌ಗೆ ಕೊಟ್ಟರೆ ಪುಟ ಮುಕ್ಕಾಲು ಮಿಲಿಮೀಟರ್‌ಗೂ ಹೆಚ್ಚು ಕಿರಿದಾಗುತ್ತದೆ. ಪರೀಕ್ಷಿಸುವ ಫಂಕ್ಷನ್ ಇದನ್ನು ಹಿಡಿಯಲಾರದು, ಎರಡೂ ರೂಪದಲ್ಲಿ ಸರಿಯೇ. ಓದುಗನಿಗೆ ಎಚ್ಚರ ಹೇಳಬಲ್ಲದ್ದು ದಾಖಲೆ ಒಂದೇ. ಪಟ್ಟಿ ಹೀಗಿರಲಿ:

ಎಸ್‌ಪಿ: ಅತಿ ಚಿಕ್ಕ ಯೂನಿಟ್. 65536 ಎಸ್‌ಪಿ = 1 ಪಿಟಿ.
ಪಿಟಿ: 1 ಇಂಚು = 72.27 ಪಿಟಿ.
ಬಿಪಿ: 1 ಇಂಚು = 72 ಬಿಪಿ. ಡಿಟಿಪಿ ತಂತ್ರಾಂಶಗಳ ಪಾಯಿಂಟ್ ಇದೇ.
ಪಿಸಿ: 12 ಪಿಟಿ.
ಇಂಚು, ಸೆಂಮೀ, ಮಿಮೀ: 1 ಇಂಚು = 2.54 ಸೆಂಮೀ.
ಡಿಡಿ: 1157 ಡಿಡಿ = 1238 ಪಿಟಿ. ಸಿಸಿ: 12 ಡಿಡಿ.
ಎಮ್, ಎಕ್ಸ್: ಆಗ ಚಾಲ್ತಿಯಲ್ಲಿರುವ ಫಾಂಟ್‌ನಿಂದ ಬರುವ ಬೆಲೆ.

ಡಿಡಿ, ಸಿಸಿ ಎರಡೂ ಯುರೋಪಿನ ಹಳೆಯ ಡಿಡೊ ಪದ್ಧತಿಯವು. ಕನ್ನಡ ಪುಸ್ತಕಗಳಿಗೆ ಅವು ಬೇಕಾಗುವುದಿಲ್ಲ. ನಿಮ್ಮ ಫಂಕ್ಷನ್ ಅವನ್ನು ಬಿಟ್ಟರೆ ಬಿಟ್ಟಿದೆ ಎಂದು ಬರೆಯಿರಿ. ಟೆಕ್ ಬಲ್ಲವರು ಅವು ಇದ್ದೇ ಇರುತ್ತವೆ ಎಂದುಕೊಂಡು ಬರುತ್ತಾರೆ. ಗಣಿತಕ್ಕೆ ಮಾತ್ರ ಬಳಸುವ ಎಂಯು ವಿಷಯವನ್ನೂ ಒಂದು ಸಾಲಿನಲ್ಲಿ ಹೇಳಿ. ಲುವಾಟೆಕ್‌ನ “ಟೆಕ್ಸ್.ಎಸ್‌ಪಿ” ಫಂಕ್ಷನ್ ಎಂಯು ಕಂಡರೆ ಎರರ್ ಎಬ್ಬಿಸುವುದಿಲ್ಲ, ಉಪಯೋಗವಿಲ್ಲದ ಒಂದು ಸಂಖ್ಯೆ ಕೊಟ್ಟು ಸುಮ್ಮನಾಗುತ್ತದೆ. ಅದರ ಮೇಲೆ ನಿಂತ ನಿಮ್ಮ ಫಂಕ್ಷನ್‌ನಲ್ಲಿ ಬೇರೆ ತಡೆ ಇಲ್ಲದಿದ್ದರೆ “18ಎಂಯು” ಅಂಚಿನ ಅಳತೆಯಾಗಿ ಒಳಗೆ ಬರುತ್ತದೆ.

ಮೂರು ಬಗೆಯ ಫಂಕ್ಷನ್, ಮೂರು ಬಗೆಯ ಉತ್ತರ

ಅಳತೆ ನೋಡುವ ಫಂಕ್ಷನ್‌ಗಳು ಸೋತಾಗ ನಡೆದುಕೊಳ್ಳುವ ರೀತಿ ಮೂರು. ಕೇಳುವ ಫಂಕ್ಷನ್ ಟ್ರೂ ಅಥವಾ ಫಾಲ್ಸ್ ಹೇಳುತ್ತದೆ. ಅದನ್ನು “ಅಳತೆಯೇ” ಎಂದು ಕರೆಯೋಣ. ಓದುವ ಫಂಕ್ಷನ್ ಎಸ್‌ಪಿಯಲ್ಲಿ ಬೆಲೆ ಕೊಡುತ್ತದೆ, ಆಗದಿದ್ದರೆ ನಿಲ್ (ಲುವಾದಲ್ಲಿ “ಬೆಲೆ ಇಲ್ಲ” ಎಂಬ ಗುರುತು) ಮತ್ತು ಕಾರಣ ಎರಡನ್ನೂ ಕೊಡುತ್ತದೆ, ಅದು “ಅಳತೆ_ಓದು”. ಪಟ್ಟು ಹಿಡಿಯುವ ಫಂಕ್ಷನ್ ಬೆಲೆ ಕೊಡುತ್ತದೆ, ಆಗದಿದ್ದರೆ ಎರರ್ ಎಬ್ಬಿಸಿ ಕೆಲಸ ನಿಲ್ಲಿಸುತ್ತದೆ, ಅದು “ಅಳತೆ_ಬೇಕು”. ನಿಜವಾದ ಕೆಲಸವನ್ನು “ಅಳತೆ_ಓದು” ಒಂದೇ ಮಾಡಲಿ, ಉಳಿದೆರಡು ಅದನ್ನು ಕರೆಯಲಿ. ದಾಖಲೆಗೂ ಇದೇ ಕ್ರಮ ಒಳ್ಳೆಯದು. ನಿಯಮಗಳೆಲ್ಲ “ಅಳತೆ_ಓದು” ಮೇಲೆ ಒಂದೇ ಕಡೆ ಇರಲಿ. ಉಳಿದೆರಡರ ಮೇಲೆ ಸೋತಾಗಿನ ವ್ಯತ್ಯಾಸ ಮತ್ತು ನಿಯಮಗಳಿರುವ ಜಾಗಕ್ಕೆ “@ಸೀ” ಟ್ಯಾಗ್ ಸಾಕು. ಮೂರು ಕಡೆ ನಿಯಮ ಬರೆದಿಟ್ಟರೆ ಮುಂದಿನ ಬದಲಾವಣೆ ಹೊತ್ತಿಗೆ ಎರಡು ಕಡೆ ಹಳೆಯದೇ ಉಳಿಯುತ್ತದೆ.

ಎರರ್‌ಗಳಲ್ಲೂ ಎರಡು ಜಾತಿ ಇದೆ, ದಾಖಲೆ ಅವನ್ನು ಬೆರೆಸಬಾರದು. ಪುಸ್ತಕ ಸಿದ್ಧಪಡಿಸುವವರು “12ಪಿಟ” ಎಂದು ತಪ್ಪಾಗಿ ಬರೆದರೆ ಅದು ಬಳಕೆದಾರರ ತಪ್ಪು. ಅದಕ್ಕೆ ನಿಲ್ ಮತ್ತು ಕಾರಣ. ಕೋಡ್ ಬರೆಯುವವರು ಸ್ಟ್ರಿಂಗ್ ಕೊಡುವಲ್ಲಿ ಟೇಬಲ್ ಕೊಟ್ಟರೆ ಅದು ಪ್ರೋಗ್ರಾಂ ತಪ್ಪು. ಅದಕ್ಕೆ ಎರರ್. ಲುವಾದ ಎರರ್ ಫಂಕ್ಷನ್‌ಗೆ ಎರಡನೆಯ ಬೆಲೆಯಾಗಿ 2 ಕೊಟ್ಟರೆ ಸಂದೇಶ ಕರೆದವರ ಸಾಲಿನ ಸಂಖ್ಯೆ ತೋರಿಸುತ್ತದೆ. ಅದನ್ನು ಕೊಡದಿದ್ದರೆ ನಿಮ್ಮದೇ ಫಂಕ್ಷನ್‌ನ ಸಾಲು ಕಾಣಿಸಿ, ಓದುವವರು ತಪ್ಪನ್ನು ಅಲ್ಲಿ ಹುಡುಕುತ್ತಾರೆ.

ಈಗ ಪೂರ್ತಿ ಮಾದರಿ:

--- ಅಳತೆಯ ಸ್ಟ್ರಿಂಗ್ ಓದಿ ಎಸ್‌ಪಿಯಲ್ಲಿ ಪೂರ್ಣಾಂಕ ಕೊಡುತ್ತದೆ.
-- ಒಂದು ದಶಮಾಂಶ ಸಂಖ್ಯೆ ಮತ್ತು ಒಂದು ಯೂನಿಟ್ ಇರಬೇಕು, ಬೇರೇನೂ ಇರಬಾರದು.
-- ಮೊದಲು, ನಡುವೆ, ಕೊನೆಗೆ ಸಾಮಾನ್ಯ ಸ್ಪೇಸ್ ಇರಬಹುದು.
-- ದಶಮಾಂಶಕ್ಕೆ ಚುಕ್ಕಿ ಮಾತ್ರ, ಅಲ್ಪವಿರಾಮ ಆಗದು. ಮುಂದೆ ಒಂದು + ಅಥವಾ - ಇರಬಹುದು.
-- ಅಂಕಿಗಳು 0 ರಿಂದ 9 ಮಾತ್ರ. ಕನ್ನಡ ಅಂಕಿಗಳನ್ನು ಒಪ್ಪುವುದಿಲ್ಲ.
-- ಯೂನಿಟ್: ಎಸ್‌ಪಿ, ಪಿಟಿ, ಬಿಪಿ, ಪಿಸಿ, ಇಂಚು, ಸೆಂಮೀ, ಮಿಮೀ.
-- ದೊಡ್ಡಕ್ಷರ, ಸಣ್ಣಕ್ಷರ ಎರಡೂ ಆಗುತ್ತದೆ.
-- ಸೊನ್ನೆಗೂ ಯೂನಿಟ್ ಬೇಕು. ಎಮ್, ಎಕ್ಸ್, ಶೇಕಡಾ ಆಗದು.
-- ಹಿಗ್ಗುವ ಕುಗ್ಗುವ ಭಾಗ ಆಗದು, ಟೆಕ್ ಕಮಾಂಡ್ ಆಗದು.
-- ಲೆಕ್ಕ ಟೆಕ್‌ನ ಪೂರ್ಣಾಂಕ ಕ್ರಮದಲ್ಲೇ ನಡೆಯುತ್ತದೆ.
-- @ಟಿಪ್ಯಾರಾಮ್ ಸ್ಟ್ರಿಂಗ್ ಪಠ್ಯ: ಅಳತೆ, ಉದಾಹರಣೆಗೆ “5.5ಇಂಚು”
-- @ಟಿಪ್ಯಾರಾಮ್[ಆಪ್ಟ್=0] ಇಂಟಿಜರ್ ಕನಿಷ್ಠ: ಎಸ್‌ಪಿಯಲ್ಲಿ; ಈ ಬೆಲೆಯೂ ಸೇರಿ
-- @ಟಿಪ್ಯಾರಾಮ್[ಆಪ್ಟ್=1073741823] ಇಂಟಿಜರ್ ಗರಿಷ್ಠ: ಎಸ್‌ಪಿಯಲ್ಲಿ; ಈ ಬೆಲೆಯೂ ಸೇರಿ
-- @ಟಿರಿಟರ್ನ್[1] ಇಂಟಿಜರ್ ಎಸ್‌ಪಿಯಲ್ಲಿ ಬೆಲೆ
-- @ಟಿರಿಟರ್ನ್[2] ನಿಲ್ ಅಳತೆ ಸರಿಯಿಲ್ಲದಾಗ
-- @ಟಿರಿಟರ್ನ್[2] ಸ್ಟ್ರಿಂಗ್ ಕಾರಣ
-- @ರೇಸ್ ಪಠ್ಯ ಸ್ಟ್ರಿಂಗ್ ಅಲ್ಲದಿದ್ದರೆ
-- @ಯೂಸೇಜ್
-- ಅಳತೆ_ಓದು(“10ಪಿಟಿ”) 655360 ಕೊಡುತ್ತದೆ
-- ಅಳತೆ_ಓದು(“12ಬಿಪಿ”) 789381 ಕೊಡುತ್ತದೆ
-- ಅಳತೆ_ಓದು(“12”) ನಿಲ್, “ಯೂನಿಟ್ ಇಲ್ಲ: 12”

ಚೌಕ ಕಂಸದಲ್ಲಿರುವ 1, 2 ಎಲ್‌ಡಾಕ್‌ನ ಗುಂಪು ಸಂಖ್ಯೆಗಳು: ಗೆದ್ದಾಗ ಒಂದನೆಯ ಗುಂಪು ಬರುತ್ತದೆ, ಸೋತಾಗ ಎರಡನೆಯದು. ಇವನ್ನು ಹಾಕದಿದ್ದರೆ ಫಂಕ್ಷನ್ ಒಟ್ಟಿಗೇ ಮೂರು ಬೆಲೆ ಕೊಡುತ್ತದೆ ಎಂದು ಎಲ್‌ಡಾಕ್ ಪುಟದಲ್ಲಿ ಕಾಣುತ್ತದೆ. “ಈ ಬೆಲೆಯೂ ಸೇರಿ” ಎಂಬ ಮೂರು ಪದಗಳನ್ನು ಯಾರೂ ಬರೆಯುವುದಿಲ್ಲ, ಎಲ್ಲರೂ ಹುಡುಕುತ್ತಾರೆ.

ಕನಿಷ್ಠ 0 ಎಂದಾಗ “0ಪಿಟಿ” ಸರಿ. ಲುವಾದಲ್ಲಿ 0 ಟ್ರೂ ಎಂದೇ ಲೆಕ್ಕ, ಹಾಗಾಗಿ ಬಂದ ಬೆಲೆಯನ್ನು ನೇರ “ಇಫ್” ಒಳಗೆ ಇಟ್ಟರೂ ತೊಂದರೆ ಇಲ್ಲ. ಪೈಥಾನ್‌ನಲ್ಲಿ 0 ಫಾಲ್ಸ್. ಇದೇ ವಿನ್ಯಾಸವನ್ನು ಪೈಥಾನ್‌ಗೆ ತಂದರೆ “0ಪಿಟಿ” ಸದ್ದಿಲ್ಲದೆ ತಪ್ಪು ಅಳತೆಯಾಗುತ್ತದೆ. ಅಲ್ಲಿ “ನನ್ (ಲುವಾದ ನಿಲ್‌ಗೆ ಪೈಥಾನ್‌ನ ಜೋಡಿ) ಅಲ್ಲವೇ ಎಂದೇ ನೋಡಿ” ಎಂದು ದಾಖಲೆಯಲ್ಲಿ ಒತ್ತಿ ಹೇಳಬೇಕು.

ಅಂಚಿನಲ್ಲಿ ನಿಲ್ಲುವ ಅಳತೆಗಳು

ಹೆಚ್ಚಿನ ಹೊತ್ತು ಹೋಗಬೇಕಾದದ್ದು ಇಲ್ಲಿ. ಟೆಕ್ ತಾನಾಗಿ ಎಷ್ಟು ಉದಾರಿ ಎಂದು ಮೊದಲು ತಿಳಿದಿರಲಿ. “12 ಪಿಟಿ” ಎಂದು ನಡುವೆ ಜಾಗ ಬಿಟ್ಟರೂ ಅದಕ್ಕೆ ಸರಿ. “3,5ಪಿಟಿ” ಎಂದು ಅಲ್ಪವಿರಾಮ ಹಾಕಿದರೂ ಸರಿ. “12.ಪಿಟಿ” ಸರಿ, ಬರೀ “.ಪಿಟಿ” ಎಂದರೂ ಸೊನ್ನೆ ಎಂದು ಓದಿಕೊಳ್ಳುತ್ತದೆ. “--3ಪಿಟಿ” ಎಂದರೆ ಎರಡು ಋಣ ಸೇರಿ ಧನ 3 ಪಾಯಿಂಟ್. ನಿಮ್ಮ ಫಂಕ್ಷನ್ ಇಷ್ಟು ಉದಾರಿಯಾಗಿರಬೇಕಿಲ್ಲ, ಬಿಗಿಯಾಗಿರುವುದೇ ಒಳ್ಳೆಯದು. ಆದರೆ ಟೆಕ್‌ಗಿಂತ ಎಲ್ಲೆಲ್ಲಿ ಬಿಗಿ ಎಂದು ಒಂದೊಂದಾಗಿ ಬರೆಯಿರಿ. ಟೆಕ್‌ನಲ್ಲಿ ನಡೆದದ್ದು ಇಲ್ಲಿ ನಡೆಯದಿದ್ದರೆ ಬಳಕೆದಾರ ಅದನ್ನು ದೋಷ ಎಂದೇ ತಿಳಿಯುತ್ತಾನೆ.

ಅಲ್ಪವಿರಾಮ ಬೇಡ ಎನ್ನುವುದಕ್ಕೆ ಬಲವಾದ ಕಾರಣ ಇದೆ. ಪ್ಯಾಕೇಜ್‌ಗಳಿಗೆ ಅಳತೆ ಬರುವುದು “ಅಂಚು=3,5ಪಿಟಿ, ಅಗಲ=...” ಎಂಬ ರೂಪದ ಪಟ್ಟಿಯಲ್ಲಿ. ಪಟ್ಟಿಯನ್ನು ಒಡೆಯುವ ಕೋಡ್ ಅಲ್ಪವಿರಾಮದಲ್ಲಿ ಕತ್ತರಿಸುತ್ತದೆ. ನಿಮ್ಮ ಫಂಕ್ಷನ್ ಕೈಗೆ ಸಿಗುವುದು “3” ಮಾತ್ರ, ಅದು ಹೇಳುವುದು “ಯೂನಿಟ್ ಇಲ್ಲ”. ಬರೆದವರ ಕಣ್ಣಿಗೆ ಯೂನಿಟ್ ಇದ್ದೇ ಇದೆ! ಈ ಒಂದು ಪ್ರಸಂಗವನ್ನು ದಾಖಲೆಯಲ್ಲಿ ಹೆಸರಿಸಿದರೆ ಬಹಳ ಜನರ ಅರ್ಧ ಗಂಟೆ ಉಳಿಯುತ್ತದೆ.

ಕನ್ನಡ ಅಂಕಿಗಳ ವಿಷಯ ನಮ್ಮದೇ ಆದದ್ದು. ಕನ್ನಡ ಕೀಲಿಮಣೆಯಲ್ಲಿ ಸೆಟ್ಟಿಂಗ್ ಬರೆಯುವಾಗ “೧೨ಪಿಟಿ” ಎಂದು ಬರುವುದು ಸಹಜ. ಟೆಕ್‌ಗೆ ಅಂಕಿ ಎಂದರೆ 0 ರಿಂದ 9 ಮಾತ್ರ; ೧ ಕಂಡರೆ “ಮಿಸ್ಸಿಂಗ್ ನಂಬರ್, ಟ್ರೀಟೆಡ್ ಆ್ಯಸ್ ಝೀರೋ” ಎನ್ನುತ್ತದೆ. ಲುವಾದ “ಟುನಂಬರ್” ಕೂಡ ನಿಲ್ ಕೊಡುತ್ತದೆ. ಇಲ್ಲಿಯವರೆಗೆ ಸರಿ. ಆದರೆ ಅನೇಕ ಕಡೆ ಟೆಕ್ ಫೈಲ್ ತಯಾರಿಸುವುದು ಪೈಥಾನ್ ಸ್ಕ್ರಿಪ್ಟ್. ಪೈಥಾನ್‌ನ ಫ್ಲೋಟ್ ಫಂಕ್ಷನ್ ೧೨ ಅನ್ನು 12.0 ಎಂದು ಸಂತೋಷದಿಂದ ಓದುತ್ತದೆ. ಅದರ ರೆಗೆಕ್ಸ್‌ನಲ್ಲಿ (ಪಠ್ಯದ ರೂಪ ಹೊಂದಿಸಿ ನೋಡುವ ಮಾದರಿ) ಅಂಕಿಯ ಚಿಹ್ನೆಯೂ ಯುನಿಕೋಡ್‌ನ ಎಲ್ಲ ಅಂಕಿಗಳಿಗೆ ಹೊಂದುತ್ತದೆ. ಪೈಥಾನ್ ಹಂತದಲ್ಲಿ ಪಾಸಾದ ಸ್ಟ್ರಿಂಗ್ ಹಾಗೆಯೇ ಟೆಕ್‌ಗೆ ಹೋಗಿ ಅಲ್ಲಿ ಬೀಳುತ್ತದೆ. ಎರಡರಲ್ಲಿ ಒಂದು ದಾರಿ ಆರಿಸಿ: ಪೈಥಾನ್ ರೆಗೆಕ್ಸ್‌ನಲ್ಲಿ 0 ರಿಂದ 9 ಎಂದೇ ಬರೆದು ಕನ್ನಡ ಅಂಕಿಯನ್ನು ತಿರಸ್ಕರಿಸಿ, ಇಲ್ಲವೇ ಯು+0ಸಿಇ6 ರಿಂದ ಯು+0ಸಿಇಎಫ್ ವರೆಗಿನ ಹತ್ತು ಅಂಕಿಗಳನ್ನು ಬದಲಿಸಿ ಮುಂದಕ್ಕೆ ಕಳುಹಿಸಿ. ಕನ್ನಡದ ಕೆಲಸಕ್ಕೆ ಮಾಡಿದ ಪ್ಯಾಕೇಜ್‌ನಲ್ಲಿ ಎರಡನೆಯದೇ ಸೌಜನ್ಯದ ದಾರಿ. ಯಾವುದನ್ನು ಆರಿಸಿದರೂ ದಾಖಲೆಯಲ್ಲಿ ೧೨ ಎಂಬ ಉದಾಹರಣೆ ಇರಲಿ.

ಅದೃಶ್ಯ ಅಕ್ಷರಗಳು ಇನ್ನೂ ಕಾಡುತ್ತವೆ. ಕನ್ನಡ ಟೈಪ್ ಮಾಡುವಾಗ ಒತ್ತು ತಪ್ಪಿಸಲು ಬರುವ ಯು+200ಸಿ, ಅಂದರೆ ಅಗಲವಿಲ್ಲದ ಬೇರ್ಪಡಿಸುವ ಅಕ್ಷರ, “12” ಮತ್ತು “ಪಿಟಿ” ನಡುವೆ ಕೂತರೆ ಕಣ್ಣಿಗೆ ಕಾಣುವುದೇ ಇಲ್ಲ. ತುದಿಯಲ್ಲಿ ಕೂತರೂ ಪೈಥಾನ್‌ನ “ಸ್ಟ್ರಿಪ್” ಅದನ್ನು ತೆಗೆಯುವುದಿಲ್ಲ, ಏಕೆಂದರೆ ಅದು ಸ್ಪೇಸ್ ವರ್ಗಕ್ಕೆ ಸೇರಿಲ್ಲ. ವರ್ಡ್ ಫೈಲಿನಿಂದ ನಕಲಿಸಿದಾಗ ಬರುವ ಮುರಿಯದ ಸ್ಪೇಸ್ ಯು+00ಎ0 ಅನ್ನು ಪೈಥಾನ್ ತೆಗೆಯುತ್ತದೆ, ಲುವಾದ ಸ್ಪೇಸ್ ಚಿಹ್ನೆ ಗುರುತಿಸುವುದಿಲ್ಲ. ಹಾಗಾಗಿಯೇ ಮೇಲಿನ ಮಾದರಿಯಲ್ಲಿ “ಸಾಮಾನ್ಯ ಸ್ಪೇಸ್” ಎಂದು ಬರೆದದ್ದು. ಇಂಥ ಅಕ್ಷರ ಕಂಡಾಗ ಕಾರಣದ ಸ್ಟ್ರಿಂಗ್‌ನಲ್ಲಿ ಅದರ ಕೋಡ್ ಸಂಖ್ಯೆ ತೋರಿಸುವಂತೆ ಮಾಡಿ, ಆ ನಡತೆಯನ್ನೂ ದಾಖಲಿಸಿ. “12ಪಿಟಿ ಸರಿಯಾದ ಅಳತೆಯಲ್ಲ” ಎಂಬ ಸಂದೇಶ ಓದಿದವರಿಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಸಂಖ್ಯೆ ಓದಲು ಭಾಷೆಯ ಸಿದ್ಧ ಫಂಕ್ಷನ್‌ಗೆ ಬಿಟ್ಟುಕೊಟ್ಟರೆ ಬೇಡದವು ಒಳಗೆ ಬರುತ್ತವೆ. ಲುವಾದ ಟುನಂಬರ್ “1ಇ3” ಅನ್ನು 1000 ಎಂದು, “0ಎಕ್ಸ್10” ಅನ್ನು 16 ಎಂದು ಓದುತ್ತದೆ. “1ಇ3ಪಿಟಿ” ಟೆಕ್‌ಗೆ ಹೋದರೆ ಅದು 1 ಓದಿ, ಯೂನಿಟ್ ಹುಡುಕಿ, “ಇಲ್ಲೀಗಲ್ ಯೂನಿಟ್ ಆಫ್ ಮೆಷರ್” ಎಂದು ಹೇಳಿ ತಾನೇ ಪಿಟಿ ಸೇರಿಸಿಕೊಳ್ಳುತ್ತದೆ. ಉಳಿದ “ಇ3ಪಿಟಿ” ಪುಟದ ಮೇಲೆ ಅಕ್ಷರವಾಗಿ ಅಚ್ಚಾಗುತ್ತದೆ. ಪೈಥಾನ್‌ನ ಫ್ಲೋಟ್ “1_000” ಅನ್ನೂ “ಇನ್ಫ್” (ಅನಂತ) ಅನ್ನೂ “ನ್ಯಾನ್” (ಸಂಖ್ಯೆಯೇ ಅಲ್ಲದ ಬೆಲೆ) ಅನ್ನೂ ಒಪ್ಪುತ್ತದೆ. ನ್ಯಾನ್ ಎಲ್ಲಕ್ಕಿಂತ ಅಪಾಯಕಾರಿ: ಅದರೊಂದಿಗೆ ಮಾಡುವ ದೊಡ್ಡದು, ಚಿಕ್ಕದು ಎಂಬ ಹೋಲಿಕೆ ಎಲ್ಲವೂ ಫಾಲ್ಸ್. “ಕನಿಷ್ಠಕ್ಕಿಂತ ಕಡಿಮೆಯೇ, ಗರಿಷ್ಠಕ್ಕಿಂತ ಹೆಚ್ಚೇ” ಎಂದು ಕೇಳುವ ಮಿತಿ ಪರೀಕ್ಷೆಯಲ್ಲಿ ನ್ಯಾನ್ ಆರಾಮವಾಗಿ ಪಾಸಾಗುತ್ತದೆ. ಆದ್ದರಿಂದ ರೂಪವನ್ನು ಮೊದಲು ನಿಮ್ಮದೇ ಪ್ಯಾಟರ್ನ್‌ನಿಂದ ನೋಡಿ, ಆಮೇಲಷ್ಟೇ ಸಂಖ್ಯೆಯಾಗಿಸಿ. ದಾಖಲೆಯಲ್ಲಿ “ಘಾತ ರೂಪ, ಹೆಕ್ಸ್ ರೂಪ ಆಗದು” ಎಂದು ಸೇರಿಸಿ.

ಇಂಚು ಮತ್ತು ಸೆಂಟಿಮೀಟರ್ ಸಮವಲ್ಲದಾಗ

ಟೆಕ್ ಅಳತೆಗಳನ್ನು ಪೂರ್ಣಾಂಕಗಳಲ್ಲಿ ಲೆಕ್ಕ ಹಾಕುತ್ತದೆ. ಮೊದಲು ಭಿನ್ನಾಂಶವನ್ನು 65536ರಲ್ಲಿ ಎಷ್ಟು ಭಾಗ ಎಂದು ರೌಂಡ್ ಮಾಡುತ್ತದೆ, ಆಮೇಲೆ ಯೂನಿಟ್‌ನ ಅನುಪಾತದಿಂದ ಗುಣಿಸಿ ಭಾಗಿಸಿ ಉಳಿಕೆ ಬಿಡುತ್ತದೆ. ಪರಿಣಾಮ: 1 ಇಂಚು 4736286 ಎಸ್‌ಪಿ, 2.54 ಸೆಂಮೀ 4736274 ಎಸ್‌ಪಿ, 25.4 ಮಿಮೀ 4736285 ಎಸ್‌ಪಿ. ಶಾಲೆಯ ಲೆಕ್ಕದಲ್ಲಿ ಮೂರೂ ಒಂದೇ, ಎಂಜಿನ್ ಲೆಕ್ಕದಲ್ಲಿ ಮೂರೂ ಬೇರೆ.

ಕನ್ನಡ ಪುಸ್ತಕಗಳಲ್ಲಿ ಸಾಮಾನ್ಯವಾದ ಡೆಮಿ 1/8 ಆಕಾರ 5.5 × 8.5 ಇಂಚು, ಅಂದರೆ 139.7 × 215.9 ಮಿಮೀ. ಅಗಲ ಎರಡು ರೀತಿ ಬರೆದರೂ 26049576 ಎಸ್‌ಪಿ ಬರುತ್ತದೆ. ಎತ್ತರದಲ್ಲಿ ಮಾತ್ರ 2 ಎಸ್‌ಪಿ ವ್ಯತ್ಯಾಸ. “ಪುಟದ ಆಕಾರ ಡೆಮಿಯೇ?” ಎಂದು ಸಮಚಿಹ್ನೆಯಿಂದ ನೋಡುವ ಫಂಕ್ಷನ್ ಇಂಚಿನಲ್ಲಿ ಬರೆದವರಿಗೆ ಹೌದು, ಮಿಲಿಮೀಟರ್‌ನಲ್ಲಿ ಬರೆದವರಿಗೆ ಇಲ್ಲ ಎನ್ನುತ್ತದೆ. ಅಗಲವನ್ನಷ್ಟೇ ಪರೀಕ್ಷಿಸಿ ನೋಡಿದವರಿಗೆ ಎಲ್ಲ ಸರಿಯಿದ್ದಂತೆ ತೋರುತ್ತದೆ, ಅದೇ ಇದರ ಮೋಸ. 1 ಎಸ್‌ಪಿ ಸುಮಾರು 5.4 ನ್ಯಾನೋಮೀಟರ್. ಯಾವ ಮುದ್ರಣ ಯಂತ್ರಕ್ಕೂ ಈ ವ್ಯತ್ಯಾಸ ಗೊತ್ತಾಗದು, ಕೋಡ್‌ನ ಸಮಚಿಹ್ನೆಗೆ ಮಾತ್ರ ಗೊತ್ತಾಗುತ್ತದೆ.

ಇಂಚಿನ ಭಿನ್ನಾಂಶವನ್ನು ರೌಂಡ್ ಮಾಡುವುದರಿಂದ ಆಗುವ ವ್ಯತ್ಯಾಸ ಹೆಚ್ಚೆಂದರೆ 36 ಎಸ್‌ಪಿ ಆಸುಪಾಸು, ಸೆಂಟಿಮೀಟರ್‌ನಲ್ಲಿ 14ರ ಆಸುಪಾಸು. ಹೋಲಿಕೆಗೆ 100 ಎಸ್‌ಪಿ ಸಲಿಗೆ ಕೊಟ್ಟರೆ ಸಾಕಷ್ಟಾಯಿತು. ಅದು ಮೈಕ್ರಾನ್‌ನ ಅರ್ಧಕ್ಕಿಂತ ತುಸು ಹೆಚ್ಚು. ಆ ಸಂಖ್ಯೆಯನ್ನು ಕೋಡ್ ಒಳಗೆ ಬಚ್ಚಿಡಬೇಡಿ. ಎಷ್ಟು ಸಲಿಗೆ, ಯಾಕೆ ಎಂದು ದಾಖಲೆಯಲ್ಲಿ ಬರೆಯಿರಿ.

ಲೆಕ್ಕದ ಕ್ರಮವನ್ನೂ ಹೇಳಬೇಕು. ಲುವಾದ ಫ್ಲೋಟ್‌ನಲ್ಲಿ 2.54ನ್ನು 72.27/2.54ರಿಂದ ಗುಣಿಸಿ 65536ರಿಂದ ಗುಣಿಸಿದರೆ ಬರುವುದು ಟೆಕ್ ಕೊಡುವ 4736274ಕ್ಕಿಂತ 12 ಹೆಚ್ಚು. ಒಂದು ಅಳತೆ ಲುವಾದಿಂದ, ಇನ್ನೊಂದು ನೇರ ಟೆಕ್‌ನಿಂದ ಬರುವ ಕಡೆ ಪೆಟ್ಟಿಗೆಯೊಳಗೆ ಪೆಟ್ಟಿಗೆ ಕೂದಲೆಳೆಯಷ್ಟು ಹಿಡಿಸದೆ ಹೋಗಬಹುದು. “ಟೆಕ್‌ನ ಪೂರ್ಣಾಂಕ ಕ್ರಮ” ಎಂಬ ಒಂದು ಸಾಲು ಇದಕ್ಕೆ ಉತ್ತರ. ಟೆಕ್ಸ್.ಎಸ್‌ಪಿ ಬಳಸಿದರೆ ಆ ಕ್ರಮ ತಾನಾಗಿ ಸಿಗುತ್ತದೆ. ಆದರೆ ಅದು ಕೆಟ್ಟ ಅಳತೆಗೆ ನಿಲ್ ಕೊಡದೆ ಎರರ್ ಎಬ್ಬಿಸುತ್ತದೆ. ಹಾಗಾಗಿ ರೂಪ, ಯೂನಿಟ್, ಸಂಖ್ಯೆಯ ಗಾತ್ರ ಮೂರನ್ನೂ ನೀವೇ ಮೊದಲು ನೋಡಿ, ಪಾಸಾದದ್ದನ್ನು ಮಾತ್ರ ಅದಕ್ಕೆ ಕೊಡಿ.

ಎಮ್, ಎಕ್ಸ್ ಮತ್ತು ಹಿಗ್ಗುವ ಅಳತೆ

ನಿಮ್ಮ ಫಂಕ್ಷನ್ ಎಮ್ ಒಪ್ಪುವುದಾದರೆ ಯಾವ ಕ್ಷಣದ ಎಮ್ ಎಂದು ಹೇಳಿ. ಓದಿದ ಕ್ಷಣದಲ್ಲೇ ಎಸ್‌ಪಿ ಆದರೆ ಬೆಲೆ ಅಲ್ಲಿಗೆ ಗಟ್ಟಿಯಾಯಿತು. ಆಮೇಲೆ ಫಾಂಟ್ ದೊಡ್ಡದಾದರೂ ಅಳತೆ ಬದಲಾಗುವುದಿಲ್ಲ. ಲೇಟೆಕ್‌ನ “ಸೆಟ್‌ಲೆಂಗ್ತ್” ನಡೆದುಕೊಳ್ಳುವುದೂ ಹೀಗೆಯೇ. 1 ಎಮ್ ಎಂದರೆ ಫಾಂಟ್ ಗಾತ್ರ ಎಂದು ದಾಖಲೆಯಲ್ಲಿ ಬರೆಯಬೇಡಿ: 12 ಪಾಯಿಂಟ್ ಕಂಪ್ಯೂಟರ್ ಮಾಡರ್ನ್ ಫಾಂಟ್‌ನಲ್ಲಿ 1 ಎಮ್ 11.74988 ಪಿಟಿ. ಎಕ್ಸ್ ಯೂನಿಟ್ ಲ್ಯಾಟಿನ್‌ನ ಸಣ್ಣ ಎಕ್ಸ್ ಅಕ್ಷರದ ಎತ್ತರ. ಕನ್ನಡ ಅಕ್ಷರದ ಮೈಗೂ ಅದಕ್ಕೂ ನೇರ ಸಂಬಂಧವಿಲ್ಲ, ಫಾಂಟ್ ಮಾಡಿದವರು ತುಂಬಿದ ಬೆಲೆಯಷ್ಟೇ ಸಿಗುತ್ತದೆ. ಒತ್ತಕ್ಷರಗಳಿಗೆ ಜಾಗ ಬೇಕೆಂದು ಸಾಲುಗಳ ಅಂತರವನ್ನು ಎಕ್ಸ್‌ನಲ್ಲಿ ಕೊಡುವವರಿಗೆ ಫಾಂಟ್ ಬದಲಿಸಿದ ದಿನ ಪುಟಗಳೆಲ್ಲ ಜರುಗುತ್ತವೆ. ಕನ್ನಡದ ಪ್ಯಾಕೇಜ್‌ನಲ್ಲಿ ಎಕ್ಸ್ ಅನ್ನು ತಿರಸ್ಕರಿಸಿ, ಯಾಕೆಂದು ಬರೆಯುವುದು ಮೇಲು.

“12ಪಿಟಿ ಪ್ಲಸ್ 2ಪಿಟಿ ಮೈನಸ್ 1ಪಿಟಿ” ಹಿಗ್ಗಿ ಕುಗ್ಗುವ ಅಳತೆ. ಲೇಟೆಕ್‌ನಲ್ಲಿ “ನ್ಯೂಲೆಂಗ್ತ್” ಮಾಡಿಕೊಟ್ಟ ಅಳತೆಗಳು ಇದನ್ನು ಒಪ್ಪುತ್ತವೆ, ಆದ್ದರಿಂದ ಬಳಕೆದಾರರಿಗೆ “ಲೆಂಗ್ತ್” ಎಂಬ ಪದ ಕಂಡರೆ ಇದೂ ಆಗುತ್ತದೆ ಎಂಬ ಭಾವನೆ. ಪುಟದ ಅಗಲ ಹಿಗ್ಗುವಂತಿಲ್ಲ, ಪ್ಯಾರಾ ನಡುವಿನ ಜಾಗ ಹಿಗ್ಗಬೇಕು. ಎರಡಕ್ಕೂ ಬೇರೆ ಫಂಕ್ಷನ್ ಇಟ್ಟು, ಹೆಸರಿನಲ್ಲೂ ಮೊದಲ ಸಾಲಿನಲ್ಲೂ ಭೇದ ತೋರಿಸಿ.

ಪುಟದ ಅಗಲದ ಅರ್ಧ ಎಂದು ಟೆಕ್ ಕಮಾಂಡ್ ಸೇರಿಸಿ ಬರೆದ ಅಳತೆಯನ್ನು ಲುವಾ ಸ್ಟ್ರಿಂಗ್ ಆಗಿ ಪರೀಕ್ಷಿಸಲಾಗದು. ಟೆಕ್ಸ್.ಎಸ್‌ಪಿ ಕೂಡ ಕಮಾಂಡ್‌ಗಳನ್ನು ಓದುವುದಿಲ್ಲ. ಟೆಕ್ ಕಡೆಯಲ್ಲೇ “ಡೈಮ್‌ಎಕ್ಸ್‌ಪ್ರ್” ಒಳಗೆ ಹಾಕಿ, ಅದರ ಮುಂದೆ “ನಂಬರ್” ಇಟ್ಟು ಎಸ್‌ಪಿ ಸಂಖ್ಯೆಯಾಗಿಸಿ ಲುವಾಗೆ ಕಳುಹಿಸಬೇಕು. ದಾಖಲೆಯ ಬಳಕೆಯ ಭಾಗದಲ್ಲಿ ಈ ದಾರಿಯನ್ನು ಒಂದು ಉದಾಹರಣೆಯಾಗಿ ತೋರಿಸಿದರೆ ಬೇಡ ಎಂದದ್ದರ ಜೊತೆಗೇ ಬೇಕಾದದ್ದೂ ಸಿಕ್ಕಂತಾಗುತ್ತದೆ.

ಕಾರಣದ ಸ್ಟ್ರಿಂಗ್

ಸೋತಾಗ ಕೊಡುವ ಕಾರಣವೂ ಫಂಕ್ಷನ್‌ನ ಉತ್ತರವೇ. ಅದರಲ್ಲಿ ಮೂರು ಇರಲಿ: ಬಂದ ಸ್ಟ್ರಿಂಗ್ ಇದ್ದಂತೆಯೇ, ಎಲ್ಲಿ ತಪ್ಪಿತು, ಏನು ನಡೆಯುತ್ತಿತ್ತು. “ಗೊತ್ತಿಲ್ಲದ ಯೂನಿಟ್ ಪಿಎಕ್ಸ್, ‘40ಪಿಎಕ್ಸ್’ ಒಳಗೆ; ಪಿಟಿ, ಬಿಪಿ, ಮಿಮೀ, ಸೆಂಮೀ, ಇಂಚು ಆಗಬಹುದು.” ಮಿತಿ ಮೀರಿದಾಗ ಮಿತಿಯನ್ನು ಬಳಕೆದಾರ ಬರೆದ ಯೂನಿಟ್‌ನಲ್ಲೇ ತೋರಿಸಿ, ಮಿಲಿಮೀಟರ್‌ನಲ್ಲಿ ಬರೆದವರಿಗೆ 1073741823 ಎಂದರೆ ಏನೂ ಅಲ್ಲ. ಸಂದೇಶದ ಪದಗಳು ಮುಂದೆ ಬದಲಾಗಬಹುದು ಎಂದಾದರೆ “ಪದಗಳನ್ನು ನಂಬಿ ಕೋಡ್ ಬರೆಯಬೇಡಿ” ಎಂದು ದಾಖಲಿಸಿ, ಜೊತೆಗೆ ಬದಲಾಗದ ಒಂದು ಸಣ್ಣ ಸಂಕೇತ ಕೊಡಿ. ಇಲ್ಲದಿದ್ದರೆ ಯಾರೋ ಸಂದೇಶವನ್ನೇ ಹೋಲಿಸಿ ಕೋಡ್ ಬರೆಯುತ್ತಾರೆ, ಆಮೇಲೆ ಒಂದು ಕಾಗುಣಿತ ತಿದ್ದಲೂ ಆಗದು.

ಬರೆದದ್ದನ್ನು ಓಡಿಸಿ ನೋಡುವುದು

ದಾಖಲೆಯಲ್ಲಿರುವ ಒಂದೊಂದು ಸಂಖ್ಯೆಯೂ ಓಡಿಸಿ ಪಡೆದದ್ದಾಗಿರಬೇಕು. ತಲೆಯಲ್ಲಿ ಲೆಕ್ಕ ಹಾಕಿ ಬರೆದರೆ 2.54 ಸೆಂಮೀಗೆ 4736286 ಎಂದೇ ಬರೆದುಬಿಡುತ್ತೀರಿ. ಲೇಟೆಕ್ ತಂಡದ ಎಲ್3ಬಿಲ್ಡ್ ಈ ಕೆಲಸಕ್ಕೆ ಹೊಂದುತ್ತದೆ: ದಾಖಲೆಯ ಉದಾಹರಣೆಗಳನ್ನು ಒಂದು ಪರೀಕ್ಷಾ ಫೈಲಿಗೆ ಹಾಕಿ, ಉತ್ತರಗಳನ್ನು ಲಾಗ್‌ಗೆ ಬರೆಯುವಂತೆ ಮಾಡಿ, ಕಣ್ಣಾರೆ ನೋಡಿ ಒಪ್ಪಿಗೆಯಾದ ಮೇಲೆ “ಸೇವ್” ಆಜ್ಞೆಯಿಂದ ಉಳಿಸಿ. ಮುಂದೆ ಪ್ರತಿ ಬದಲಾವಣೆಯ ನಂತರ “ಚೆಕ್” ಓಡಿಸಿದರೆ ಹಳೆಯ ಲಾಗ್‌ಗೂ ಹೊಸದಕ್ಕೂ ವ್ಯತ್ಯಾಸ ತೋರಿಸುತ್ತದೆ. ಪೈಥಾನ್ ಕಡೆ ಡಾಕ್‌ಟೆಸ್ಟ್ ದಾಖಲೆಯೊಳಗಿನ ಉದಾಹರಣೆಗಳನ್ನೇ ನೇರವಾಗಿ ಓಡಿಸುತ್ತದೆ.

ಪರೀಕ್ಷೆಗೆ ಇಷ್ಟಾದರೂ ಇರಲಿ: “0ಪಿಟಿ”, “0”, ಖಾಲಿ ಸ್ಟ್ರಿಂಗ್, ಬರೀ “ಪಿಟಿ”, “-1ಎಸ್‌ಪಿ”, “1073741823ಎಸ್‌ಪಿ”, “16384ಪಿಟಿ”, “12.ಪಿಟಿ”, “3,5ಪಿಟಿ”, “1ಇ3ಪಿಟಿ”, “12ಪಿಟಿಪಿಟಿ”, “೧೨ಪಿಟಿ”, ನಡುವೆ ಯು+200ಸಿ ಇರುವ “12ಪಿಟಿ”, “18ಎಂಯು”, “2.54ಸೆಂಮೀ”. ಇವುಗಳಲ್ಲಿ ಯಾವುದಕ್ಕಾದರೂ ನಿಮ್ಮ ದಾಖಲೆ ಓದಿ ಉತ್ತರ ಊಹಿಸಲು ಆಗದಿದ್ದರೆ ಅಲ್ಲಿಗೆ ಒಂದು ಸಾಲು ಬಾಕಿ ಇದೆ. ಕೋಡ್ ನೋಡದ ಇನ್ನೊಬ್ಬರ ಕೈಗೆ ದಾಖಲೆಯನ್ನೂ ಈ ಪಟ್ಟಿಯನ್ನೂ ಕೊಟ್ಟು, ಪ್ರತಿಯೊಂದರ ಮುಂದೆ “ಆಗುತ್ತದೆ” ಅಥವಾ “ಆಗದು” ಎಂದು ಬರೆಯಲು ಹೇಳಿ. ಅವರು ಬರೆದದ್ದಕ್ಕೂ ಫಂಕ್ಷನ್ ಕೊಟ್ಟದ್ದಕ್ಕೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ದಾಖಲೆಯನ್ನು ತಿದ್ದಬೇಕೋ ಕೋಡನ್ನು ತಿದ್ದಬೇಕೋ ಎಂದು ಆಗ ನಿರ್ಧರಿಸಿ.